ಮುಚ್ಚಿದ ಕಾರ್‌ಪೋರ್ಟ್‌ಗೆ ಹೀಟರ್ ತರೋ ಮುಂಚೆ ನೆಲದ ಮೇಲೇನಿದೆ ನೋಡಿ

ಒಹಾಯೋದಲ್ಲಿರೋ ನಮ್ಮಕ್ಕನ ಮನೇಲಿ ಕಾರು ನಿಲ್ಲಿಸೋಕೆ ಬರೀ ಛಾವಣಿ ಹಾಕಿದ್ದ ಜಾಗಕ್ಕೆ, ಅಂದ್ರೆ ಕಾರ್‌ಪೋರ್ಟ್‌ಗೆ ಮೂರು ಕಡೆ ಶೀಟ್ ಹೊಡೆಸಿ, ಎದುರಿಗೆ ಮೇಲಕ್ಕೆ ಸರಿಯೋ ಬಾಗಿಲು ಕೂರಿಸಿ, ವರ್ಷಪೂರ್ತಿ ಬಳಸೋ ಜಾಗ ಮಾಡ್ಕೊಂಡಿದಾರೆ. ಒಂದು ಕಡೆ ಕಾರು, ಇನ್ನೊಂದು ಕಡೆ ಭಾವನ ಮರಗೆಲಸದ ಮೇಜು, ಮೂಲೇಲಿ ಹುಲ್ಲು ಕತ್ತರಿಸೋ ಮಷೀನು, ಅದರ ಪಕ್ಕ ಕೆಂಪು ಪೆಟ್ರೋಲ್ ಡಬ್ಬ. ಜನವರೀಲಿ ಹೊರಗೆ ಮೈನಸ್ 10 ಡಿಗ್ರಿ ಇದ್ದಾಗ ಉಳಿ ಹಿಡಿದ್ರೆ ಬೆರಳು ಮರಗಟ್ಟತ್ತೆ. ಯಾವ ಹೀಟರ್ ತರ್ಲಿ ಅಂತ ಭಾವ ವಿಡಿಯೋ ಕಾಲಲ್ಲಿ ಜಾಗ ತೋರಿಸ್ತಿದ್ರು, ನನ್ನ ಕಣ್ಣು ಮಾತ್ರ ಆ ಕೆಂಪು ಡಬ್ಬದ ಮೇಲೇ ಇತ್ತು.

ಪೆಟ್ರೋಲ್ ಆವಿ ಗಾಳಿಗಿಂತ ಸುಮಾರು ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇಳಲ್ಲ, ಚೆಲ್ಲಿದ ನೀರಿನ ಥರ ನೆಲದ ಮೇಲೆ ಹರಡ್ಕೊಂಡು ತಗ್ಗು ಹುಡುಕ್ಕೊಂಡು ಹೋಗತ್ತೆ, ಮತ್ತೆ ಸುಮಾರು ಮೈನಸ್ 40 ಡಿಗ್ರೀಲೂ ಕಿಡಿ ತಗುಲಿದ್ರೆ ಹೊತ್ಕೊಳ್ಳೋವಷ್ಟು ಆವಿ ಅದರಿಂದ ಬರ್ತಿರತ್ತೆ. ಕಾರ್‌ಪೋರ್ಟ್ ತೆರೆದಿದ್ದಾಗ ಗಾಳಿ ಬೀಸಿ ಎಲ್ಲಾನೂ ಹೊತ್ಕೊಂಡು ಹೋಗ್ತಿತ್ತು, ಗೋಡೆ ಬಂದಮೇಲೆ ಅದು ಗ್ಯಾರೇಜೇ ಆಯ್ತು. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಗ್ಯಾರೇಜಿನೊಳಗಿನ ಉಪಕರಣದಲ್ಲಿ ಜ್ವಾಲೆ ಅಥವಾ ಕಿಡಿ ಬರೋ ಭಾಗ ನೆಲದಿಂದ 18 ಇಂಚಾದ್ರೂ ಮೇಲಿರ್ಬೇಕು ಅನ್ನೋದು ಇದಕ್ಕೇನೇ. ಕಾಲ ಹತ್ರ ಇಟ್ಕೊಳ್ಳೋ ಸಣ್ಣ ಹೀಟರಿನ ಥರ್ಮೋಸ್ಟಾಟ್ ಟಕ್ ಅಂದಾಗ್ಲೂ ಒಳಗೊಂದು ಪುಟ್ಟ ಕಿಡಿ ಹಾರಬಹುದು. ಅದಕ್ಕೆ ನಾನು ಹೇಳಿದ ಮೊದಲ ಮಾತು, ಡಬ್ಬ ಆಚೆ ಶೆಡ್ಡಿಗೆ ಹೋಗ್ಲಿ, ಹೀಟರ್ ಗೋಡೆಗೋ ಛಾವಣಿಗೋ ಹೋಗ್ಲಿ.

ಭಾವನ ಮನಸ್ಸು ಸಿಲಿಂಡರ್ ಗ್ಯಾಸಲ್ಲಿ ಉರಿಯೋ ಪ್ರೊಪೇನ್ ಹೀಟರ್ ಮೇಲಿತ್ತು, ವೈರಿಂಗ್ ಬೇಡ, ಬೇಗ ಬಿಸಿಯಾಗತ್ತೆ ಅಂತ. ನಮ್ಮ ಊರುಗಳಲ್ಲಿ ಬಾಣಂತಿ ಕೋಣೆಗೆ ಕೆಂಡ ಇಟ್ಟು ಕಿಟಕಿ ಬಾಗಿಲು ಹಾಕ್ಬಿಡ್ತಿದ್ರಲ್ಲ, ಅಪಾಯ ಅದೇ ಜಾತೀದು. ಉರಿಯೋದಕ್ಕೆ ಆಮ್ಲಜನಕ ಸಾಲದೆ ಹೋದ್ರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ಳತ್ತೆ. ತಲೆನೋವು ಬರತ್ತೆ, ನಿದ್ದೆ ಬಂದಂಗಾಗತ್ತೆ, ಸ್ವಲ್ಪ ಹೊತ್ತು ಕೂತ್ಕೋತೀನಿ ಅಂತ ಕೂತವರು ಏಳದೇ ಹೋಗಬಹುದು. ಈಗಿನ ಕೆಲವು ಪ್ರೊಪೇನ್ ಹೀಟರಲ್ಲಿ ಆಮ್ಲಜನಕ ಸುಮಾರು 18 ಪರ್ಸೆಂಟಿಗೆ ಇಳಿದ್ರೆ ಆಫ್ ಆಗೋ ಸೆನ್ಸರ್ ಇರತ್ತೆ ನಿಜ, ಆದ್ರೆ ಅದು ನೋಡೋದು ಆಮ್ಲಜನಕಾನ, ಮೊನಾಕ್ಸೈಡನ್ನಲ್ಲ. ಹೋಟೆಲ್ ಅಂಗಳದಲ್ಲಿ ನಿಲ್ಲಿಸ್ತಾರಲ್ಲ ಕೊಡೆ ಥರದ ಎತ್ತರದ ಗ್ಯಾಸ್ ಹೀಟರ್, ಅದಂತೂ ಬಯಲಿಗೇ ಮಾಡಿದ್ದು, ನಾಲ್ಕು ಗೋಡೆ ಒಳಗೆ ತರಲೇಬಾರದು.

ಇನ್ನೊಂದು ವಿಷಯ ಜನ ಯೋಚನೇನೇ ಮಾಡಲ್ಲ. 1 ಕೆಜಿ ಪ್ರೊಪೇನ್ ಉರಿದ್ರೆ 1.6 ಕೆಜಿಯಷ್ಟು ನೀರಾವಿ ಬರತ್ತೆ. ಹೊಗೆಕೊಳವೆ ಇಲ್ಲದ ಹೀಟರಾದ್ರೆ ಅಷ್ಟೂ ಒಳಗೇ ಉಳಿದು, ತಣ್ಣನೆ ಛಾವಣಿಗೆ ತಾಗಿ ಹನಿ ಹನಿಯಾಗಿ ಗರಗಸದ ಮೇಲೆ, ಕಾರಿನ ಮೇಲೆ ಬೀಳತ್ತೆ, ತುಕ್ಕು ಶುರು.

ಹಾಗಾದ್ರೆ ಕರೆಂಟು. ಅಲ್ಲಿನ ಮಾಮೂಲಿ ಪ್ಲಗ್ಗು 120 ವೋಲ್ಟು, 15 ಆಂಪ್. ಅದಕ್ಕೆ ಹಾಕೋ ಹೀಟರ್ 1500 ವ್ಯಾಟ್‌ಗೆ ನಿಲ್ಲತ್ತೆ, ಎಳೆಯೋದು 12.5 ಆಂಪ್. ಸಿರಾಮಿಕ್ ಅನ್ನಿ, ಎಣ್ಣೆ ತುಂಬಿದ್ದು ಅನ್ನಿ, 1500 ವ್ಯಾಟ್ ತಗೊಂಡ್ರೆ ಕೊಡೋ ಶಾಖ ಒಂದೇ. ಒಂದು ಗಂಟೆ ಓಡಿಸಿ ಪ್ಲಗ್ ಮುಟ್ಟಿ ನೋಡಿ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಸಾಕೆಟ್ ಸಡಿಲ ಇದೆ ಅಂತ, ಅವತ್ತೇ ಬದಲಾಯಿಸ್ಬೇಕು. ಎಕ್ಸ್‌ಟೆನ್ಶನ್ ಕಾರ್ಡ್ ಬೇಡವೇ ಬೇಡ.

ಅಷ್ಟು ಶಾಖ ಸಾಕಾಗತ್ತಾ ಅಂದ್ರೆ, ಲೆಕ್ಕ ಹಾಕಿ. 6 ಮೀಟರ್ ಉದ್ದ, 6 ಮೀಟರ್ ಅಗಲ, 2.4 ಮೀಟರ್ ಎತ್ತರ ಅಂದ್ರೆ ಗೋಡೆ ಛಾವಣಿ ಸೇರಿ ಸುಮಾರು 95 ಚದರ ಮೀಟರ್. ಒಂದೇ ಪದರದ ಶೀಟಾದ್ರೆ ಪ್ರತಿ ಚದರ ಮೀಟರಿಂದ, ಒಳಗೂ ಹೊರಗೂ ಇರೋ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ 5 ವ್ಯಾಟ್‌ನಷ್ಟು ಸೋರತ್ತೆ. ಒಳಗೆ 15, ಹೊರಗೆ ಮೈನಸ್ 10 ಇರ್ಲಿ, 12 ಸಾವಿರ ವ್ಯಾಟ್ ಹತ್ರ ಆಯ್ತು! ಎಂಟು ಹೀಟರ್ ಬೇಕು. ಶಾಖ ತಡೆಯೋ ಪದರ, ಅಂದ್ರೆ ಇನ್ಸುಲೇಶನ್, ಹಾಕಿ ಸೋರಿಕೆ ಹತ್ತನೇ ಒಂದಕ್ಕೆ ಇಳಿಸಿದ್ರೆ 1200 ವ್ಯಾಟ್, ಬಾಗಿಲ ಸಂದೀಲಿ ಹೋಗೋದು ಬೇರೆ. ಫೋಮ್ ಬೋರ್ಡ್ ಹಾಕಿದ್ರೆ ಹಾಗೇ ಬಿಡ್ಬೇಡಿ, ಅದು ಉರಿಯೋ ವಸ್ತು, ಮೇಲೆ ಜಿಪ್ಸಮ್ ಬೋರ್ಡ್ ಬರ್ಲಿ.

ಇನ್ಸುಲೇಶನ್ ಚೆನ್ನಾಗಾದ್ರೆ ಸ್ಪ್ಲಿಟ್ ಎಸಿ ಥರದ ಮಿನಿ ಸ್ಪ್ಲಿಟ್ ಹೀಟ್ ಪಂಪೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದು ಶಾಖ ಹುಟ್ಟಿಸಲ್ಲ, ಹೊರಗಿಂದ ಒಳಗೆ ಸಾಗಿಸತ್ತೆ, ಅದಕ್ಕೇ ಒಂದು ಯುನಿಟ್ ಕರೆಂಟಿಗೆ ಎರಡು ಮೂರು ಯುನಿಟ್ ಶಾಖ, ಬೇಸಿಗೇಲಿ ತಂಪೂ ಅದೇ. ಭಾವ ಸದ್ಯಕ್ಕೆ ಅಷ್ಟು ಖರ್ಚು ಬೇಡ ಅಂದು, ಮೇಜಿನ ಮೇಲ್ಗಡೆ ಛಾವಣಿಗೆ 240 ವೋಲ್ಟಿನ ಇನ್‌ಫ್ರಾರೆಡ್ ಹೀಟರ್ ಒಂದನ್ನ ಎಲೆಕ್ಟ್ರಿಶಿಯನ್ ಕೈಲಿ ಹಾಕಿಸಿದ್ರು. ಅದು ಗಾಳೀನ ಅಷ್ಟಾಗಿ ಕಾಯಿಸಲ್ಲ, ಎಳೆ ಬಿಸಿಲಿನ ಥರ ನೇರ ಮೈ ಕಾಯಿಸತ್ತೆ, ಗಾಳಿ ಸೋರೋ ಜಾಗಕ್ಕೆ ಅದೇ ಸರಿ. ಹಾಕೋ ದಿನ ನಾನು ವಿಡಿಯೋ ಕಾಲಲ್ಲೇ ಇದ್ದೆ, ಬಾಗಿಲನ್ನ ಪೂರ್ತಿ ಮೇಲೆ ಸರಿಸಿ ಅಂದೆ, ಸರಿಸಿದ್ರೆ ಅದರ ತುದಿ ಹೀಟರಿಗೆ ಒಂದೇ ಗೇಣು ದೂರ ಬಂತು, ಹೀಟರನ್ನ 3 ಅಡಿಗಿಂತ ಆಚೆ ಸರಿಸಿದ್ರು. ಕಾರು ಅಲ್ಲೇ ಸ್ಟಾರ್ಟ್ ಮಾಡೋದ್ರಿಂದ ಮನೆಗೆ ಹೋಗೋ ಬಾಗಿಲ ಒಳಗಡೆ ಮೊನಾಕ್ಸೈಡ್ ಅಲಾರಂ ಒಂದು ಬಂದಿದೆ, ಅಕ್ಕ ತಿಂಗಳಿಗೊಂದ್ಸಲ ಬಟನ್ ಒತ್ತಿ ಕೂಗತ್ತಾ ನೋಡ್ತಾಳೆ.