ಅಲರ್ಜಿ, ಜೀನ್, ಮಿದುಳಿನ ಗಡ್ಡೆ: ಸಿಕ್ಕುಬಿದ್ದ ಎಳೆಗಳು

ಉಬ್ಬಸ, ಇಸುಬು ಅಥವಾ ಮೂಗಿನ ಅಲರ್ಜಿ ಇರುವ ವಯಸ್ಕರಲ್ಲಿ ಗ್ಲಿಯೋಮಾ ಎಂಬ ಮಿದುಳಿನ ಕ್ಯಾನ್ಸರ್ ಕಡಿಮೆ ಕಾಣಿಸುತ್ತದೆ. 1990ರ ದಶಕದಿಂದ ಬೇರೆ ಬೇರೆ ದೇಶಗಳ ಅಧ್ಯಯನಗಳು ಇದನ್ನು ಹೇಳುತ್ತ ಬಂದಿವೆ. ಅದರ ಬೆನ್ನಿಗೇ ‘ಅಲರ್ಜಿಯ ಜೀನ್ ಇದ್ದರೆ ಮಿದುಳಿನ ಕ್ಯಾನ್ಸರ್ ಬರದು’ ಎಂಬ ಸುದ್ದಿಯೂ ಓಡಾಡತೊಡಗಿತು. ಮೊದಲನೆಯದು ಎಣಿಕೆಯಲ್ಲಿ ಕಂಡದ್ದು, ಎರಡನೆಯದು ಅದಕ್ಕೆ ಹಚ್ಚಿದ ಕಾರಣ. ಇವೆರಡೂ ಒಂದೇ ಎಂದುಕೊಂಡಲ್ಲೇ ಗೊಂದಲ ಶುರುವಾದದ್ದು.

ಗ್ಲಿಯೋಮಾ ಹುಟ್ಟುವುದು ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಬಗೆಯ ಜೀವಕೋಶಗಳಲ್ಲಿ. ಅದರಲ್ಲಿ ಅತಿ ಉಗ್ರವಾದ ಗ್ಲಿಯೋಬ್ಲಾಸ್ಟೋಮಾ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಬರುತ್ತದೆ. ಖಚಿತವಾಗಿ ಗೊತ್ತಿರುವ ಕಾರಣಗಳು ಕೆಲವೇ: ಹೆಚ್ಚಿನ ಪ್ರಮಾಣದ ವಿಕಿರಣ, ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು. ರೋಗನಿರೋಧಕ ವ್ಯವಸ್ಥೆಗೂ ಮಿದುಳಿಗೂ ನಂಟೇ ಇಲ್ಲವೆಂಬ 1940ರ ದಶಕದ ನಂಬಿಕೆ ಮೆಲ್ಲಗೆ ಸಡಿಲಗೊಂಡು, 2015ರಲ್ಲಿ ಮಿದುಳಿನ ಪೊರೆಯಲ್ಲೇ ರೋಗನಿರೋಧಕ ಕೋಶಗಳು ಓಡಾಡುವ ದುಗ್ಧನಾಳಗಳಿರುವುದು ಇಲಿಗಳಲ್ಲಿ ಸಾಬೀತಾಯಿತು.

ಮೊದಲ ಸಾಕ್ಷ್ಯವೆಲ್ಲ ಕೇಳಿ ಬರೆದುಕೊಂಡದ್ದು. ರೋಗಿಗಳನ್ನೂ ಆರೋಗ್ಯವಂತರನ್ನೂ ‘ನಿಮಗೆ ಅಲರ್ಜಿ ಇತ್ತೇ?’ ಎಂದು ಕೇಳುವ ವಿಧಾನ. 2007ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಲರ್ಜಿ ಇದ್ದವರಲ್ಲಿ ಗ್ಲಿಯೋಮಾ ಅಪಾಯ ಸುಮಾರು ಶೇ 40ರಷ್ಟು ಕಡಿಮೆ ಎಂದು ಬಂತು. ಆದರೆ ಗಡ್ಡೆಯೇ ನೆನಪನ್ನೂ ಮಾತನ್ನೂ ಕೆಡಿಸುವ ಕಾಯಿಲೆ ಇದು. ಎಷ್ಟೋ ಸಲ ಉತ್ತರ ಕೊಡುವವರು ಹೆಂಡತಿಯೋ ಮಗನೋ ಆಗಿರುತ್ತಾರೆ. ರೋಗಿಗೆ ಬಾಲ್ಯದಲ್ಲಿ ಇಸುಬು ಇತ್ತೆಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆಗ ರೋಗಿಗಳ ಗುಂಪಿನಲ್ಲಿ ಮಾತ್ರ ಅಲರ್ಜಿಯ ಲೆಕ್ಕ ತಗ್ಗುತ್ತದೆ, ಅಲರ್ಜಿ ರಕ್ಷಿಸಿತು ಎಂಬಂತೆ ಕಾಣುತ್ತದೆ. ಹತ್ತು ಅಧ್ಯಯನಗಳನ್ನು ಕೂಡಿದರೂ ಈ ದೋಷ ಕಳೆಯುವುದಿಲ್ಲ.

ಜೀನ್‌ಗಳತ್ತ ಹೊರಳಿದ್ದು ಇದೇ ಕಾರಣಕ್ಕೆ. ಹುಟ್ಟಿನಿಂದ ಬಂದ ಜೀನ್ ಮರೆಯುವುದಿಲ್ಲ, ಗಡ್ಡೆ ಬಂದಿತೆಂದು ಬದಲಾಗುವುದೂ ಇಲ್ಲ. 2005ರಲ್ಲಿ ಸ್ವೀಡನ್ನಿನ 111 ಗ್ಲಿಯೋಬ್ಲಾಸ್ಟೋಮಾ ರೋಗಿಗಳನ್ನು 422 ಮಂದಿಯೊಂದಿಗೆ ಹೋಲಿಸಿದರು. ಅಲರ್ಜಿಗೆ ಚಾಲನೆ ಕೊಡುವ ಐಎಲ್-4 ಗ್ರಾಹಕ ಮತ್ತು ಐಎಲ್-13 ಜೀನ್‌ಗಳಲ್ಲಿ ಉಬ್ಬಸದ ಅಪಾಯ ಹೆಚ್ಚಿಸುವ ರೂಪಗಳು ರೋಗಿಗಳಲ್ಲಿ ಕಡಿಮೆ ಇದ್ದವು. ಫಲಿತಾಂಶ ಸೊಗಸಾಗಿತ್ತು, ಬೇರೆ ಗುಂಪುಗಳಲ್ಲಿ ಹುಡುಕಿದಾಗ ಹಾಗೆಯೇ ಮರಳಿ ಸಿಗಲಿಲ್ಲ.

ಏಕೆ ಸಿಗಲಿಲ್ಲ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಬರೀ ಆಕಸ್ಮಿಕವಾಗಿ ನಂಟು ಕಾಣುವ ಸಾಧ್ಯತೆಗೆ ನೂರರಲ್ಲಿ ಐದರ ಮಿತಿ ಇಟ್ಟುಕೊಂಡು ಇಪ್ಪತ್ತು ಜೀನ್ ರೂಪಗಳನ್ನು ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಸರಾಸರಿ ಒಂದು ‘ಸಿಕ್ಕಿತು’ ಎನ್ನಿಸುತ್ತದೆ. ಅಪಾಯವನ್ನು ಶೇ 20ರಷ್ಟು ಮಾತ್ರ ಏರಿಳಿಸುವ ರೂಪವನ್ನು ಹಿಡಿಯಲು ನೂರು ರೋಗಿಗಳು ಸಾಲರು, ಸಾವಿರಾರು ಬೇಕು. ಎಚ್‌ಎಲ್‌ಎ ಜೀನ್‌ಗಳ (ತನ್ನ ಕೋಶ ಯಾವುದು, ಪರಕೀಯ ಯಾವುದು ಎಂದು ಗುರುತಿಸಲು ದೇಹಕ್ಕೆ ನೆರವಾಗುವವು) ಕಥೆ ಇನ್ನೂ ತೊಡಕಿನದು. ಅವುಗಳ ರೂಪಗಳು ಸಾವಿರಗಟ್ಟಲೆ ಇವೆ, ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತವೆ. ಎರಡು ಗುಂಪುಗಳ ಪೂರ್ವಜರ ಮೂಲದಲ್ಲಿ ತುಸು ವ್ಯತ್ಯಾಸವಿದ್ದರೂ ಅದೇ ರೋಗದ ಸುಳಿವಿನಂತೆ ತೋರುತ್ತದೆ. ಈ ಎಚ್ಚರಗಳಿಗೆ ಸುದ್ದಿಯ ಶೀರ್ಷಿಕೆಗಳಲ್ಲಿ ಜಾಗ ಸಿಗಲಿಲ್ಲ.

ಅಷ್ಟು ಸದ್ದು ಮಾಡದೆ ಹೆಚ್ಚು ತಿಳಿಸಿದ್ದು ಫ್ರೀಜರಿನಲ್ಲಿದ್ದ ರಕ್ತ. ಅಲರ್ಜಿಯ ಗುರುತಾದ ಐಜಿಇ ಪ್ರತಿಕಾಯವನ್ನು ರೋಗ ಪತ್ತೆಯಾದ ಮೇಲೆ ಅಳೆದರೆ ನೆಚ್ಚುವಂತಿಲ್ಲ. ಅಷ್ಟರಲ್ಲಿ ಮಿದುಳಿನ ಬಾವು ಇಳಿಸಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿರುತ್ತಾರೆ, ಕೀಮೋ ಬಿಳಿ ರಕ್ತಕಣಗಳನ್ನು ಇಳಿಸಿರುತ್ತದೆ, ಗಡ್ಡೆಯೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರುತ್ತದೆ. ನಾರ್ವೆಯ ಜೇನಸ್ ಸೀರಮ್ ಸಂಗ್ರಹದಲ್ಲಿ ಆರೋಗ್ಯವಾಗಿದ್ದಾಗಲೇ ಕೊಟ್ಟ ರಕ್ತ ಇತ್ತು. ಮುಂದೆ ಗ್ಲಿಯೋಮಾ ಬಂದ 594 ಜನರ ಮಾದರಿಗಳನ್ನು 1,177 ಇತರರೊಂದಿಗೆ ಹೋಲಿಸಿದ 2012ರ ವರದಿಯಲ್ಲಿ, ನಿರ್ದಿಷ್ಟ ಅಲರ್ಜಿಕಾರಕಗಳ ವಿರುದ್ಧ ಐಜಿಇ ಹೆಚ್ಚಿದ್ದ ಹೆಂಗಸರಲ್ಲಿ ಗ್ಲಿಯೋಬ್ಲಾಸ್ಟೋಮಾ ಅಪಾಯ ಅರ್ಧದಷ್ಟಿತ್ತು. ಗಂಡಸರಲ್ಲಿ ಅಂಥ ನಂಟು ಕಾಣಲಿಲ್ಲ. ರೋಗಕ್ಕೆ 20 ವರ್ಷ ಮೊದಲು ತೆಗೆದ ರಕ್ತದಲ್ಲೂ ಒಟ್ಟು ಐಜಿಇಗೂ ಕಡಿಮೆ ಅಪಾಯಕ್ಕೂ ನಂಟು ಉಳಿದಿತ್ತು. ಹಾಗಾಗಿ ‘ಗಡ್ಡೆಯೇ ಅಲರ್ಜಿಯನ್ನು ಅಡಗಿಸಿತು’ ಎನ್ನುವ ವಾದ ಬಲ ಕಳೆದುಕೊಂಡಿತು.

ಇಡೀ ಜೀನೋಮನ್ನು ಜಾಲಾಡುವ ಅಧ್ಯಯನಗಳು 2009ರಿಂದ ಬಂದವು. ಇಲ್ಲಿ ಮಿತಿ ನೂರರಲ್ಲಿ ಐದಲ್ಲ, ಹತ್ತು ಕೋಟಿಯಲ್ಲಿ ಐದು. 2017ರ ಹೊತ್ತಿಗೆ 12,496 ರೋಗಿಗಳು, 18,190 ಇತರರು ಸೇರಿದ್ದರು. ಗಟ್ಟಿಯಾಗಿ ನಿಂತ ಹೆಸರುಗಳು ಟರ್ಟ್, ಆರ್‌ಟೆಲ್1, ಇಜಿಎಫ್‌ಆರ್ ಇತ್ಯಾದಿ. ವರ್ಣತಂತುವಿನ ತುದಿ ಕಾಯುವ, ಕೋಶ ವಿಭಜನೆ ನಿಯಂತ್ರಿಸುವ ಜೀನ್‌ಗಳು. ಐಎಲ್-4, ಐಎಲ್-13 ಆ ಸಾಲಿನಲ್ಲಿ ಬರಲಿಲ್ಲ. ಅಲರ್ಜಿಯ ಜೀನ್ ರೂಪಗಳನ್ನೇ ಅಳತೆಗೋಲು ಮಾಡಿಕೊಂಡ 2018ರ ವಿಶ್ಲೇಷಣೆಯಲ್ಲೂ ಉಬ್ಬಸಕ್ಕೆ, ಐಜಿಇಗೆ ಬಲವಾದ ನಂಟು ಕಾಣಲಿಲ್ಲ. ಆದರೆ ಈ ಅಳತೆಗೋಲೂ ಗಿಡ್ಡ: ಮನುಷ್ಯರಿಂದ ಮನುಷ್ಯರಿಗೆ ಐಜಿಇ ಮಟ್ಟದಲ್ಲಿರುವ ವ್ಯತ್ಯಾಸದ ಸಣ್ಣ ಪಾಲನ್ನಷ್ಟೇ ಆ ರೂಪಗಳು ವಿವರಿಸುತ್ತವೆ.

ಇನ್ನೊಂದು ಇಲಿಗಳ ಪ್ರಯೋಗ, 2021ರದು. ಉಬ್ಬಸ ಬರಿಸಿದಾಗ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳು ಡೆಕೊರಿನ್ ಎಂಬ ಪ್ರೋಟೀನನ್ನು ಸ್ರವಿಸಿ, ಗಡ್ಡೆಗೆ ನೆರವಾಗುವ ಮೈಕ್ರೋಗ್ಲಿಯಾ ಎಂಬ ಮಿದುಳಿನದೇ ರೋಗನಿರೋಧಕ ಕೋಶಗಳನ್ನು ತಡೆದವು. ಹುಟ್ಟಿನ ಜೀನ್ ಅಲ್ಲ, ಕೆರಳಿದ ಟಿ ಕೋಶದ ನಡತೆ ಇಲ್ಲಿ ಮುಖ್ಯವಾಯಿತು. ಆದರೆ ಅದು ಎನ್‌ಎಫ್1 ಜೀನಿನ ದೋಷವಿರುವ ಮಕ್ಕಳಲ್ಲಿ ದೃಷ್ಟಿನರದ ಮೇಲೆ ಬೆಳೆಯುವ ಗಡ್ಡೆಯ ಮಾದರಿ, ವಯಸ್ಕರ ಗ್ಲಿಯೋಬ್ಲಾಸ್ಟೋಮಾದ್ದಲ್ಲ. ಇನ್ನು ಅಪಾಯ ಅರ್ಧವಾಯಿತು ಎಂದರೂ ಲಕ್ಷದಲ್ಲಿ ಮೂರಿದ್ದದ್ದು ಒಂದೂವರೆ ಆಯಿತು ಎಂದಷ್ಟೇ. ಆ ಒಂದೂವರೆಗಾಗಿ ಉಬ್ಬಸದ ಇನ್‌ಹೇಲರ್ ಬದಿಗಿಡುವವರಿಗೆ ಉಬ್ಬಸವೇ ಅದಕ್ಕಿಂತ ದೊಡ್ಡ ಅಪಾಯ.