ಒಳಗೆ ಅಳು, ಹೊರಗೆ ಬಿಗಿದ ತುಟಿ

ಅನುವಾದ ತಿದ್ದುವುದು ನನ್ನ ಕೆಲಸ. ಇಂಗ್ಲಿಷಿನ ‘ಸ್ಟಿಫ್ ಅಪ್ಪರ್ ಲಿಪ್’ (ಬಿಗಿದ ಮೇಲ್ದುಟಿ, ಅಂದರೆ ನೋವನ್ನು ಹೊರಗೆ ತೋರಗೊಡದೆ ತಡೆದುಕೊಳ್ಳುವುದು) ಎಂಬ ಮಾತು ಆಗಾಗ ನನ್ನ ಮೇಜಿಗೆ ಬರುತ್ತದೆ, ಹೆಚ್ಚಿನ ಸಲ ತಪ್ಪಾಗಿಯೇ ಬರುತ್ತದೆ. ಕೆಲವರು ‘ಬಿಗುಮಾನ’ ಎಂದು ಬರೆಯುತ್ತಾರೆ. ಇನ್ನು ಕೆಲವರು ‘ತುಟಿ ಪಿಟಿಕ್ ಎನ್ನಲಿಲ್ಲ’ ಎನ್ನುತ್ತಾರೆ. ಅವನ್ನು ಹೇಗೋ ತಿದ್ದಬಹುದು. ನನಗೆ ಜಾಸ್ತಿ ಸಂಕಟ ಆಗುವುದು ‘ತಣ್ಣಗಿದ್ದ’ ಎಂದು ಬರೆದಾಗ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಪುಟ ತಂದಳು. ಮಗನ ಹೆಣದ ಮುಂದೆ ಅಪ್ಪ ನಿಂತಿದ್ದಾನೆ. ಕೈಯಲ್ಲಿ ಟೋಪಿ. ಬೆರಳುಗಳು ಅದರ ಅಂಚನ್ನು ತಿರುಗಿಸುತ್ತಲೇ ಇವೆ. ಮೂಲದಲ್ಲಿರುವುದು ಇದೇ ಮಾತು. ಅವಳು ಬರೆದದ್ದು: ‘ಅಪ್ಪ ತಣ್ಣಗೆ ನಿಂತಿದ್ದ.’ ಒಂದೇ ಪದಕ್ಕೆ ಆ ಅಪ್ಪ ಕಲ್ಲೆದೆಯವನಾಗಿಬಿಟ್ಟ, ಅಲ್ವಾ?

“ಡಿಕ್ಷನರಿಯಲ್ಲಿ ಶಾಂತವಾಗಿರುವುದು ಅಂತಿದೆ ಸರ್.”

“ಡಿಕ್ಷನರಿ ಆಮೇಲೆ ನೋಡಮ್ಮ. ಮೊದಲು ಅವನ ಬೆರಳು ನೋಡು.”

ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ತಣ್ಣಗಿರುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತೇ ಇದೆ: ‘ಕೂಲ್ ಆ್ಯಸ್ ಎ ಕ್ಯುಕಂಬರ್’, ಸೌತೆಕಾಯಿಯಷ್ಟು ತಣ್ಣಗೆ. 1732ರಲ್ಲೇ ಜಾನ್ ಗೇ ಎಂಬ ಕವಿ ಅದನ್ನು ಪದ್ಯದಲ್ಲಿ ಬಳಸಿದ್ದಾನೆ. ಸೌತೆಕಾಯಿ ಹೆಚ್ಚಿ ನೋಡಿ, ಒಳಗೂ ತಂಪು. ಅಂಥವನಿಗೆ ಗಾಬರಿಯೇ ಇಲ್ಲ. ತುಟಿ ಬಿಗಿದವನ ಕಥೆ ಹಾಗಲ್ಲ. ಅವನ ಒಳಗೆ ಕುದಿಯುತ್ತಿರುತ್ತದೆ, ಹೊರಗೆ ಕಾಣಗೊಡುವುದಿಲ್ಲ. ಮಗು ಅಳುವ ಮುಂಚೆ ಗಮನಿಸಿ, ದನಿ ಬರುವ ಮೊದಲೇ ತುಟಿ ಅದುರುತ್ತದೆ. ಆ ಅದುರನ್ನು ಹಿಡಿದಿಡುವುದೇ ಈ ನುಡಿಗಟ್ಟು. ಒಳಗೆ ಅಳು ಇಲ್ಲದಿದ್ದರೆ ತುಟಿ ಬಿಗಿಯುವ ಕೆಲಸವಾದರೂ ಏಕೆ?

ಇದನ್ನು ಇಂಗ್ಲಿಷರದೇ ಸ್ವತ್ತು ಎಂದು ಎಲ್ಲರೂ ನಂಬಿದ್ದಾರೆ. ಅವರ ವಸತಿಶಾಲೆಗಳಿಗೂ ಸೈನ್ಯಕ್ಕೂ ಅದು ಅಂಟಿಕೊಂಡದ್ದು ಆಮೇಲೆ. ಹಳೆಯ ಬಳಕೆಗಳು ಸಿಗುವುದು ಅಮೆರಿಕದಲ್ಲಿ. 1815ರ ‘ಮ್ಯಾಸಚೂಸೆಟ್ಸ್ ಸ್ಪೈ’ ಪತ್ರಿಕೆಯಲ್ಲಿ ಒಬ್ಬ ವ್ಯಾಪಾರಿ, ತಾನು ಮೇಲ್ದುಟಿ ಬಿಗಿಹಿಡಿದು ಸರಕು ಮಾರುವ ಲೈಸೆನ್ಸ್ ಕೊಂಡೆ ಎನ್ನುತ್ತಾನೆ. 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಗುಲಾಮ ಟಾಮ್‌ನನ್ನು ಮಾರಿ ಕರೆದೊಯ್ಯುತ್ತಿದ್ದಾರೆ. ಯಜಮಾನನ ಮಗ, ಇನ್ನೂ ಹುಡುಗ, ಕುದುರೆಯೇರಿ ಧಾವಿಸಿ ಬಂದು ತೂತು ಕೊರೆದ ಡಾಲರ್ ನಾಣ್ಯವೊಂದನ್ನು ದಾರದಲ್ಲಿ ಅವನ ಕೊರಳಿಗೆ ಕಟ್ಟುತ್ತಾನೆ. ಬೀಳ್ಕೊಡುವಾಗ ಆಡುವುದು ಇದೇ ಮಾತು. ಮನೆ, ಹೆಂಡತಿ, ಮಕ್ಕಳನ್ನು ಬಿಟ್ಟು ಹೊರಟವನಿಗೆ ‘ತಣ್ಣಗಿರು’ ಎಂದು ಯಾರಾದರೂ ಹೇಳುತ್ತಾರಾ?

ಹಾಗಂತ ಎಲ್ಲ ಕಡೆಗೂ ಒಂದೇ ಕನ್ನಡ ಹೊಂದುವುದಿಲ್ಲ. ಆ ವ್ಯಾಪಾರಿಗೆ ‘ಎದೆಗುಂದದೆ’ ಸಾಕು, ಅಲ್ಲಿ ಕಣ್ಣೀರಿಲ್ಲ. ಈಗಿನ ಬರಹಗಳಲ್ಲಿ ಕೆಲವೊಮ್ಮೆ ಭಾವನೆಯನ್ನು ಅದುಮಿಡುತ್ತಾರೆ ಎಂಬ ಟೀಕೆಯ ದನಿಯೂ ಇರುತ್ತದೆ. ಹಿಂದುಮುಂದಿನ ಸಾಲು ಓದದೆ ಸುಮ್ನೆ ಪದ ಹಾಕಬೇಡಿ.

ಹುಡುಗಿ ಮೊದಲು ‘ತುಟಿ ಕಚ್ಚಿ’ ಎಂದು ಬರೆದಳು, ಹೊಡೆದುಹಾಕಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಪುಟ ಮತ್ತೆ ಬಂತು: ‘ಅಪ್ಪ ಅಳು ನುಂಗಿಕೊಂಡು ನಿಂತಿದ್ದ.’ ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ.