ರಿಕರೆನ್ಸ್ ಸೂತ್ರ ಇದ್ದರೆ ನಾಣ್ಯಕ್ಕೆ ನೆನಪು ಬರುತ್ತಾ?

ಪ್ರಶ್ನೆ: ಸರ್, ಪಾಯ್ಸಾನ್, ಬೈನಾಮಿಯಲ್ ವಿತರಣೆಗಳಲ್ಲಿ (ಒಂದು ಘಟನೆ ಎಷ್ಟು ಸಲ ಆಗಬಹುದು ಅನ್ನುವ ಸಂಭವನೀಯತೆಗಳ ಪಟ್ಟಿಗಳಲ್ಲಿ) ಒಂದು ಸಂಭವನೀಯತೆಯನ್ನು ಅದರ ಹಿಂದಿನದರಿಂದ ಲೆಕ್ಕ ಹಾಕುತ್ತೇವೆ. ಹಾಗಾದರೆ ಈಗ ಆಗುವುದಕ್ಕೂ ಹಿಂದೆ ಆದದ್ದಕ್ಕೂ ಸಂಬಂಧ ಇದೆ ಅಂತ ಅಲ್ವಾ?
(ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ)

ಅಲ್ಲ. ಪರೀಕ್ಷೆ ಹತ್ತಿರ ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ತಪ್ಪು ಕಲ್ಪನೆ ಇದು. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ರಿಕರೆನ್ಸ್ ಸೂತ್ರ, ಅಂದರೆ ಹಿಂದಿನದರಿಂದ ಮುಂದಿನದನ್ನು ಕೊಡುವ ಸೂತ್ರ, ನಿಮಗೆ ಗೊತ್ತಿರುವುದೇ. ಹಿಂದಿನ ಸಂಭವನೀಯತೆಯನ್ನು (ಎ + ಬಿ/ಕೆ) ಇಂದ ಗುಣಿಸಿದರೆ ಮುಂದಿನದು ಸಿಗುತ್ತದೆ. ಎ, ಬಿ ಒಂದು ವಿತರಣೆಯೊಳಗೆ ಬದಲಾಗುವುದಿಲ್ಲ. ಕೆ ಅಂದರೆ ಎಣಿಕೆ: 1, 2, 3. ಅದು ಎಣಿಕೆ, ಸಮಯ ಅಲ್ಲ. ಎಡವುವುದು ಇಲ್ಲೇ.

ಮೂರು ನಾಣ್ಯ ಚಿಮ್ಮಿ. ಇದಕ್ಕೆ ಎ = −1, ಬಿ = 4. ಒಂದೂ ಹೆಡ್ ಬೀಳದ ಸಂಭವನೀಯತೆ 1/8. ಅದನ್ನು 3ರಿಂದ ಗುಣಿಸಿದರೆ ಒಂದು ಹೆಡ್‌ಗೆ 3/8. 1ರಿಂದ ಗುಣಿಸಿದರೆ ಎರಡಕ್ಕೂ 3/8. 1/3ರಿಂದ ಗುಣಿಸಿದರೆ ಮೂರಕ್ಕೆ 1/8. ಮುಂದಿನ ಗುಣಕ −1 + 4/4, ಅಂದರೆ ಸೊನ್ನೆ. ಲೆಕ್ಕ ತಾನಾಗೇ ನಿಂತಿತು. ಮೂರು ನಾಣ್ಯದಲ್ಲಿ ನಾಲ್ಕು ಹೆಡ್ ಬೀಳುವುದಿಲ್ಲವಲ್ಲ! ಎಷ್ಟು ಸಲ ಪಾಠ ಮಾಡಿದರೂ ನನಗೆ ಇಲ್ಲಿ ಖುಷಿಯಾಗುತ್ತದೆ.

ಈಗ ಹೇಳಿ, ಮೂರನ್ನೂ ಒಟ್ಟಿಗೇ ಚಿಮ್ಮಿದರೂ ಇದೇ ಅಂಕಿ ಬರುತ್ತದೆ. ಆಗ ಯಾವ ನಾಣ್ಯ ಹಿಂದಿನದು, ಯಾವುದು ಮುಂದಿನದು? ಬೇಕಾದರೆ ಕೊನೆಯಿಂದ ಭಾಗಿಸುತ್ತಾ ಹಿಂದಕ್ಕೂ ಬರಬಹುದು. ಸೂತ್ರ ಹೋಲಿಸುವುದು ಉತ್ತರಪಟ್ಟಿಯ ಅಕ್ಕಪಕ್ಕದ ಎರಡು ಸಾಲುಗಳನ್ನು, ಅಷ್ಟೇ. ಬಿ ಸೊನ್ನೆಯಾದರೆ ಜಿಯೊಮೆಟ್ರಿಕ್ (ಮೊದಲ ಹೆಡ್‌ಗೆ ಮುಂಚೆ ಬೀಳುವ ಟೇಲ್‌ಗಳ ಎಣಿಕೆ) ಸಿಗುತ್ತದೆ. ನೆನಪೇ ಇಲ್ಲದ ವಿತರಣೆ ಅಂತ ಪುಸ್ತಕಗಳು ಕರೆಯುವುದು ಇದನ್ನೇ!

ಸೊನ್ನೆಯಿಂದ ಶುರುವಾಗಿ ಈ ಸೂತ್ರಕ್ಕೆ ಒಗ್ಗುವ ಮುಖ್ಯ ಕುಟುಂಬಗಳು ಮೂರೇ. ಎ ಸೊನ್ನೆಯಾದರೆ ಪಾಯ್ಸಾನ್, ಋಣವಾದರೆ ಬೈನಾಮಿಯಲ್, ಧನವಾದರೆ ನೆಗೆಟಿವ್ ಬೈನಾಮಿಯಲ್. ಜಿಯೊಮೆಟ್ರಿಕ್ ಈ ಕೊನೆಯದರ ಒಳಗೇ ಬರುತ್ತದೆ. ವಿಮೆ ಕ್ಲೇಮುಗಳ ಒಟ್ಟು ಮೊತ್ತದ ಲೆಕ್ಕಕ್ಕೆ ವಿಮಾ ಗಣಿತಜ್ಞ ಹ್ಯಾರಿ ಪ್ಯಾಂಜರ್ 1981ರಲ್ಲಿ ಬಳಸಿದ್ದು ಈ ಸೂತ್ರವನ್ನೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಅಂಕಿಗಳು ಯಾವ ಕುಟುಂಬದವು ಅಂತ ಗೊತ್ತಾಗುವುದು ಹೇಗೆ? ಸಕಲೇಶಪುರದ ಕಡೆ ಅರೇಬಿಕಾ ಕಾಫಿ ತೋಟ ಇದ್ದರೆ ಪ್ರತಿ ಸಾಲಿನಲ್ಲೂ ಒಂದೇ ಲೆಕ್ಕದ ಗಿಡ ನೋಡಿ, ಬೋರರ್ (ಕಾಂಡ ಕೊರೆಯುವ ಹುಳು) ಹೊಡೆದವು ಎಷ್ಟು ಅಂತ ಎಣಿಸಿ. ಒಂದೂ ಇಲ್ಲದ ಸಾಲು ಎಷ್ಟು, ಒಂದಿರುವುದು ಎಷ್ಟು, ಎರಡಿರುವುದು ಎಷ್ಟು ಅಂತ ಬರೆದುಕೊಳ್ಳಿ. ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಭಾಗಿಸಿ, ಕೆ ಇಂದ ಗುಣಿಸಿ, ಕೆ ಎದುರು ಗ್ರಾಫ್ ಹಾಕಿ. ಹೆಚ್ಚುಕಮ್ಮಿ ನೇರ ಗೆರೆ ಬಂದರೆ ಅದರ ಇಳಿಜಾರೇ ಎ. ಮೇಲೇರಿದರೆ ನೆಗೆಟಿವ್ ಬೈನಾಮಿಯಲ್, ಅಂದರೆ ಬೋರರ್ ಹೊಡೆದ ಗಿಡಗಳು ಕೆಲವು ಸಾಲುಗಳಲ್ಲೇ ಗುಂಪಾಗಿವೆ.

ಹಾಗೆ ಬಂತು ಅಂತ ಬೋರರ್ ಗಿಡದಿಂದ ಗಿಡಕ್ಕೆ ಹಬ್ಬಿದೆ ಅನ್ನಬೇಡಿ. ನೆರಳು ಕಮ್ಮಿ ಇರುವ ಕಡೆ ಅದರ ಹಾವಳಿ ಜಾಸ್ತಿ. ಸಾಲಿನಿಂದ ಸಾಲಿಗೆ ಇಂಥ ವ್ಯತ್ಯಾಸ ಇದ್ದರೂ ಅದೇ ಗೆರೆ ಬರಬಹುದು. ಕಾರ್ಖಾನೆಗಳ ಅಪಘಾತದ ಅಂಕಿಗಳಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಗ್ರೀನ್‌ವುಡ್ ಮತ್ತು ಯೂಲ್ 1920ರಲ್ಲೇ ಈ ತೊಡಕನ್ನು ಎದುರಿಸಿದ್ದರು. ಆದ್ದರಿಂದ ಎಣಿಸುವಾಗ ಪ್ರತಿ ಸಾಲಿಗೆ ಎಷ್ಟು ನೆರಳಿದೆ ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.